ಮೂರನೆಯ ಏಟು

ಕಳೆದ ತಿಂಗಳು ಸುರತ್ಕಲ್‌ನಲ್ಲಿ ನಮ್ಮ ಮನೆಯ ಮದುವೆಗೆ ದಫ್ ವಾದ್ಯ ಬಾರಿಸುವ ತಂಡದವರು ಬಂದಿದ್ದರು. ಕಡಲ ಗಾಳಿಯ ತೇವಕ್ಕೆ ತೊಗಲು ಸಡಿಲವಾಗಿದೆ ಎಂದು ದಫ್‌ಗಳನ್ನು ಬಿಸಿ ಮಾಡಲು ಅಡುಗೆಮನೆಗೆ ತಂದರು. ಒಂದು ಒಲೆಯ ಮೇಲೆ ತೆಂಗಿನೆಣ್ಣೆ ಕಾಯುತ್ತಿತ್ತು, ಪಕ್ಕದ ಒಲೆಯ ಮೇಲೆ ಆಡಿನ ತೊಗಲು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಸೌಟು ಹಿಡಿದುಕೊಂಡೇ ಜಿದ್ದಾದ ಅಜೀಜಿಯಾ ಬಡಾವಣೆಗೆ ಹೋಗಿಬಿಟ್ಟೆ... ಖಾಲಾನ ಎದುರು ತಲೆ ತಗ್ಗಿಸಿ ಕುಳಿತಿದ್ದ ಒಂದು ಸಂಜೆಗೆ.

ಖಾಲಾ ನಮ್ಮ ಎದುರು ಫ್ಲ್ಯಾಟಿನವರು. ಅರಬಿಯಲ್ಲಿ ತಾಯಿಯ ಅಕ್ಕತಂಗಿಯರಿಗೆ ಹಾಗೆನ್ನುತ್ತಾರೆ. ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರ ಅಜ್ಜಿಯ ಕಾಲದಲ್ಲಿ ಆಫ್ರಿಕಾದ ಪಶ್ಚಿಮದಿಂದ ಹಜ್ಜಿಗೆಂದು ಹೊರಟ ಕುಟುಂಬ ವರ್ಷಗಟ್ಟಲೆ ನಡೆದು ಬಂದು ಜಿದ್ದಾದಲ್ಲೇ ಉಳಿದುಬಿಟ್ಟಿತ್ತು. ಅಜ್ಜಿ ಜೊತೆಗೆ ತಂದದ್ದು ಒಂದು ಡೋಲು, ಒಂದು ತಾಳ. ಮದುಮಗಳು ಹೊರಗೆ ಬರುವಾಗ ಐದು ಹೆಂಗಸರು ಕೂತು ಬಾರಿಸುವ ತಾಳ ಅದು. ಒಬ್ಬೊಬ್ಬರದೂ ಬೇರೆ ಬೇರೆ ಏಟು. ಐದೂ ಸೇರಿದರೆ ಮಾತ್ರ ತಾಳ, ಒಬ್ಬರು ತಪ್ಪಿದರೂ ಬರೀ ಸದ್ದು.

ನಾನು ಅಲ್ಲಿಗೆ ಹೋದ ಕಾಲಕ್ಕೆ, ಎರಡು ಸಾವಿರದ ಹನ್ನೆರಡು-ಹದಿಮೂರರ ಸುಮಾರಿಗೆ, ಮದುವೆ ಹಾಲ್‌ಗಳಿಗೆ ಸ್ಪೀಕರ್ ಬಂದಾಗಿತ್ತು. ಖಾಲಾ ಮಾತ್ರ ಹಟ ಬಿಟ್ಟಿರಲಿಲ್ಲ. ಪ್ರತಿ ಶುಕ್ರವಾರ ಸಂಜೆಯ ಅಸರ್ ನಮಾಜಿನ ನಂತರ ಸೊಸೆಯನ್ನೂ ಪಕ್ಕದ ಬೀದಿಯ ಇಬ್ಬರನ್ನೂ ಕೂರಿಸಿಕೊಂಡು ಕಲಿಸುತ್ತಿದ್ದರು. ಐದನೆಯ ಡೋಲು ಬಾರಿಸುತ್ತಿದ್ದ ಅವರ ತಂಗಿ ತೀರಿಹೋಗಿ, ಆ ಜಾಗ ಖಾಲಿ ಇತ್ತು. ಮೊಮ್ಮಗಳ ಮದುವೆಗೆ ಉಳಿದದ್ದು ಒಂದೇ ತಿಂಗಳು. ಆ ಹುಡುಗಿಗೋ ಸ್ಪೀಕರೇ ಬೇಕು. ಸ್ವಂತ ಮೊಮ್ಮಗಳ ಮದುವೆಯಲ್ಲೇ ಬಾರಿಸದಿದ್ದರೆ ಅಜ್ಜಿಯ ತಾಳ ತನ್ನೊಂದಿಗೇ ಮಣ್ಣಿಗೆ ಹೋಗುತ್ತದೆ ಎಂದು ಖಾಲಾ ನನ್ನ ಹತ್ತಿರ ಹೇಳಿಕೊಂಡಿದ್ದರು.

ಮದುವೆಗೆಂದು ಮನೆಗೆ ಬಣ್ಣ ಹೊಡೆಸುವಾಗ ಅಜ್ಜಿಯ ಆ ಡೋಲನ್ನು ಎರಡು ದಿನ ನನ್ನ ಮನೆಯಲ್ಲಿಟ್ಟರು. ತೊಗಲು ಒಣಗಿ ಸಣ್ಣ ಬಿರುಕು ಬಿಟ್ಟಿತ್ತು. ನಮ್ಮ ಕರಾವಳಿಯ ಹೆಂಗಸರಿಗೆ ಮಗುವಿನ ನೆತ್ತಿಯಿಂದ ಬಾಗಿಲ ಕೀಲಿನವರೆಗೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು. ಉಪಕಾರ ಮಾಡುವ ಉಮೇದಿನಲ್ಲಿ ಚೆನ್ನಾಗಿ ತಿಕ್ಕಿ ತಿಕ್ಕಿ ಹಚ್ಚಿದೆ. ಕೊಟ್ಟಷ್ಟೂ ಕುಡಿಯಿತು.

ಶುಕ್ರವಾರ ಖಾಲಾ ಬಾರಿಸಿದರೆ ಒದ್ದೆ ಹಾಸಿಗೆ ತಟ್ಟಿದ ಹಾಗೆ ದಬ್ ಎಂದಿತು. ಬಿಗಿಯಾಗಲಿ ಎಂದು ಕೆಂಡದ ಮೇಲೆ ಹಿಡಿದರು. ಎಣ್ಣೆ ಕಾದು, ಹೊಗೆ ಎದ್ದು, ತೊಗಲು ನಡುವೆಯೇ ಹರಿದುಹೋಯಿತು. ನಾನು ಅಳುತ್ತ ಎಲ್ಲ ಒಪ್ಪಿಕೊಂಡೆ. ಖಾಲಾ ತೊಗಲು ಹರಿದ ಡೋಲಿನ ಕಟ್ಟನ್ನು ಕೈಯಿಂದ ಸವರಿದರು.

ಆಮೇಲೆ ಹೇಳಿದರು: "ತೊಗಲು ಸಂತೆಯಲ್ಲಿ ಸಿಗುತ್ತದೆ, ಯಾ ಬಿಂತಿ, ನನ್ನ ಮಗಳೇ. ಕೈ ಸಿಗುವುದಿಲ್ಲ. ನಿನ್ನ ಕೈ ಕೊಡು."

ಹೀಗೆ ಐದನೆಯವಳು ನಾನಾದೆ. ಹೊಸ ತೊಗಲು ಒಣಗುವವರೆಗೆ ಹಾಲಿನ ಪುಡಿಯ ಡಬ್ಬದ ಮೇಲೆ ಕಲಿತೆ. ನನ್ನ ಹರಕು ಅರಬಿ, ಅವರ ಮುರುಕು ಹಿಂದಿ ಸಾಕಾಗುತ್ತಿತ್ತು, ಏಕೆಂದರೆ ಅವರು ಹೆಚ್ಚಾಗಿ ಹೇಳುತ್ತಿದ್ದದ್ದು ಒಂದೇ ಮಾತು, "ಇನ್ನೊಮ್ಮೆ". ನನ್ನ ಮೂರನೆಯ ಏಟು ಯಾವಾಗಲೂ ಕೂದಲೆಳೆಯಷ್ಟು ತಡ. ಅದು ನಿದ್ದೆಯಿಂದ ಎದ್ದು ಬರುತ್ತದೆ ಎಂದು ಹಂಗಿಸುತ್ತಿದ್ದರು.

ಗಂಡನಿಗೆ ಗೊತ್ತಾದಾಗ, "ನಿನಗೆ ಮರ್ಲಾ ಮಾರಾಯ್ತಿ? ಮದುವೆ ಮನೆಯಲ್ಲಿ ಡೋಲು ಬಡಿತಾಳೆ ಅಂತ ಊರಲ್ಲಿ ಗೊತ್ತಾದ್ರೆ ಎಂತ ಹೇಳ್ತಾರೆ?" ಎಂದರು. ಹರಿದವಳು ನಾನು, ಹೊಲಿಯುವವಳೂ ನಾನೇ ಎಂದೆ.

ಮದುವೆಯ ಹಾಲ್‌ನಲ್ಲಿ ಕೆಂಡಕ್ಕೆ ಅನುಮತಿ ಇರಲಿಲ್ಲ. ಖಾಲಾ ಮದುಮಗಳ ಕೋಣೆಯಿಂದ ಕೂದಲೊಣಗಿಸುವ ಯಂತ್ರ ತಂದು ಐದೂ ಡೋಲು ಬಿಸಿ ಮಾಡಿದರು. ನೆಟ್ಟಗೆ ನಡೆದು ಹೋಗಿ ಸ್ಪೀಕರಿನ ಪ್ಲಗ್ ಕಿತ್ತು ಹಾಕಿ ಬಂದು ಕೂತರು. ಬಾರಿಸಿದೆವು. ಮದುಮಗಳು ಮುಖ ಊದಿಸಿಕೊಂಡೇ ಹೊರಗೆ ಬಂದಳು. ಹಾಲ್‌ನ ನಡುವಿಗೆ ಬರುವಷ್ಟರಲ್ಲಿ ಅವಳ ಭುಜ ತಾನಾಗಿ ಕುಣಿಯತೊಡಗಿತ್ತು.

ಕುಟುಂಬದವರ ಮೇಲೆ ಇಕಾಮಾ ಎಂಬ ವಾಸದ ಪರವಾನಗಿಯ ಶುಲ್ಕ ಬಂದಾಗ ನಮ್ಮಂಥವರೆಲ್ಲ ಊರಿಗೆ ಹೊರಟೆವು. ಖಾಲಾ ಕಣ್ಣೀರು ಹಾಕಲಿಲ್ಲ. ಕಲಿತದ್ದನ್ನು ಇಲ್ಲೇ ಇಟ್ಟು ಹೋಗು ಎಂದು ಅದೇ ಮೊಮ್ಮಗಳನ್ನು ನನ್ನ ಎದುರು ಕೂರಿಸಿದರು. ಅವರ ಕೈಗಂಟುಗಳು ಅಷ್ಟರಲ್ಲಿ ಊದಿಕೊಂಡಿದ್ದವು. ಅಜ್ಜಿಯ ಏಟನ್ನು ಅವರದೇ ವಂಶದ ಹುಡುಗಿಗೆ ಸುರತ್ಕಲ್‌ನ ಬ್ಯಾರಿ ಹೆಂಗಸು ಕಲಿಸಿದಳು! ಎರಡು ವಾರ, ಬೆಳಿಗ್ಗೆ ಬೆಳಿಗ್ಗೆ, ಪೆಟ್ಟಿಗೆ ಕಟ್ಟುವುದರ ನಡುವೆ...

ಖಾಲಾ ತೀರಿಕೊಂಡ ಸುದ್ದಿ ಕಳಿಸಿದ್ದೂ ಆ ಹುಡುಗಿಯೇ. ಕೆಲವು ತಿಂಗಳ ನಂತರ ಫೋನಿಗೆ ಒಂದು ಧ್ವನಿಮುದ್ರಣ ಕಳಿಸಿದಳು, ಯಾರದೋ ಮದುವೆಯಲ್ಲಿ ಐದೂ ಡೋಲು. ಖುಷಿಯಿಂದ ಮತ್ತೆ ಮತ್ತೆ ಕೇಳಿದೆ. ಐದನೆಯ ಡೋಲಿನ ಮೂರನೆಯ ಏಟು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಅಜ್ಜಿಯ ತಾಳದಲ್ಲಿ ನನ್ನ ತಪ್ಪು ಮನೆ ಮಾಡಿ ಕೂತಿತ್ತು. ತಿದ್ದಲು ಖಾಲಾ ಇಲ್ಲ. ಅವಳಿಗೆ ಹೇಗೆ ಹೇಳಲಿ ಎಂದು ತೋಚದೆ ಕಳೆದ ತಿಂಗಳ ನಮ್ಮ ಮನೆಯ ಮದುವೆಯವರೆಗೂ ಸುಮ್ಮನಿದ್ದೆ.

ಆ ದಿನ ಎಣ್ಣೆಯ ಒಲೆ ಆರಿಸಿ, ಬಿಸಿಯಾಗಿದ್ದ ಒಂದು ದಫ್ ಕೇಳಿ ತೆಗೆದುಕೊಂಡು ಅಡುಗೆಮನೆಯ ಬಾಗಿಲು ಹಾಕಿದೆ. ಹೊರಗೆ ನೆಂಟರು ಏನೆಂದುಕೊಂಡರೋ ಗೊತ್ತಿಲ್ಲ. ಅಂಗೈ ಕೆಂಪಾಗುವವರೆಗೆ ಬಾರಿಸಿದ ಮೇಲೆ ಮೂರನೆಯ ಏಟು ಹೊತ್ತಿಗೆ ಸರಿಯಾಗಿ ಬಂತು. ಅದನ್ನು ಫೋನಿನಲ್ಲಿ ಹಿಡಿದು ಹುಡುಗಿಗೆ ಕಳಿಸಿದೆ. ನಾನು ಕಲಿಸಿದ್ದು ತಪ್ಪು, ನಿನ್ನ ಅಜ್ಜಿಯದು ಹೀಗೆ, ಎಂದು.

ಕಳಿಸಿದ ಮೇಲೂ ಸ್ವಲ್ಪ ಹೊತ್ತು ದಫ್ ಮಡಿಲಲ್ಲೇ ಇತ್ತು. ಇನ್ನೊಮ್ಮೆ ಎನ್ನುವವರು ಯಾರೂ ಇರಲಿಲ್ಲ. ನಾನೇ ಇನ್ನೊಮ್ಮೆ ಬಾರಿಸಿದೆ.