ಎತ್ತರದ ಮ್ಯಾನಿಫೋಲ್ಡ್

ಹಾರ್ಲನ್ ಸ್ಟಕಿಗೆ ಮದುವೆ ಕೂಡಿಬರಲಿಲ್ಲ. ತಮ್ಮ ವೆಂಡೆಲ್ ಇದ್ದ, ಸಾಕಾಗಿತ್ತು. ಇಂಡಿಯಾನಾದ ಮನ್ಸಿಯಲ್ಲಿ, ಮನೆ ಹಿಂದಿನ ಶೆಡ್ಡಿನಲ್ಲಿ, ಇಬ್ಬರೂ ಒಂದು ಹಳೇ ನೋವಾ ಕಾರನ್ನು ರೇಸಿಗೆ ಅಣಿಮಾಡುತ್ತಲೇ ತಲೆ ನರೆಸಿಕೊಂಡರು. ಆಮೇಲೆ ವೆಂಡೆಲ್ ಐವತ್ತೆಂಟರಲ್ಲಿ ಮದುವೆಯಾಗಿ ಫ್ಲೋರಿಡಾಕ್ಕೆ ಹೊರಟುಹೋದ. ಈ ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ಊರು ನಕ್ಕಿತು. ಹಾರ್ಲನ್ ನಗಲಿಲ್ಲ.

ಈ ವರ್ಷ ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್ ಬಿರುಕುಬಿಟ್ಟಿತು. ಇಂಜಿನ್ನಿಗೆ ಉಸಿರು ಹಂಚುವ ಭಾಗ ಅದು, ಹೊಸದು ಹಾಕದೆ ಗತಿಯಿಲ್ಲ. ಬಿಡಿಭಾಗದ ಅಂಗಡಿಯ ಡೆಲ್ಬರ್ಟ್ ಎರಡು ಕೊಟ್ಟು, "ಕೂರಿಸಿ ನೋಡು, ಬೇಡವಾದ್ದು ವಾಪಸ್ ತಾ" ಅಂದ. ಗಿಡ್ಡನೆಯದು ನಿಂತಲ್ಲಿಂದ ಚೆನ್ನಾಗಿ ಎಳೆಯುತ್ತದೆ, ಕೊನೆಗೆ ಸುಸ್ತಾಗುತ್ತದೆ. ಎತ್ತರದ್ದು ಶುರುವಿನಲ್ಲಿ ಮಂಕು, ವೇಗ ಏರಿತೋ ಹಿಡಿಯುವವರಿಲ್ಲ. ಅಣ್ಣತಮ್ಮಂದಿರು ಆಸೆಪಟ್ಟಿದ್ದು ಎತ್ತರದ್ದಕ್ಕೇ.

ಹಾರ್ಲನ್ ಎತ್ತರದ್ದನ್ನು ಕೂರಿಸಿ, ಮೇಲೆ ಕಾರ್ಬುರೇಟರ್, ಗಾಳಿ ಸೋಸುವ ಡಬ್ಬಿ ಇಟ್ಟು, ಮೇಲೆ ಎಷ್ಟು ಜಾಗ ಉಳಿಯುತ್ತದೆಂದು ತಿಳಿಯಲು ಅದರ ನೆತ್ತಿಗೆ ಜೇಡಿಮಣ್ಣಿನ ಉಂಡೆ ಅಂಟಿಸಿ ಕಾರಿನ ಹಳೇ ಬಾನೆಟ್ ಮೆಲ್ಲಗೆ ಇಳಿಸಿದ. ಅದು ಪೂರ್ತಿ ಮುಚ್ಚಲೇ ಇಲ್ಲ. ತೆರೆದು ನೋಡಿದರೆ ಮಣ್ಣು ಹಪ್ಪಳವಾಗಿತ್ತು.

ಎತ್ತರದ್ದು ಹಾಕುವ ದಿನಕ್ಕೆಂದೇ ಇಬ್ಬರೂ ಹಿಂದೆ ತಂದಿಟ್ಟ ಉಬ್ಬುಬೆನ್ನಿನ ಫೈಬರ್ ಬಾನೆಟ್ ಗೋಡೆಯ ಮೇಲೆ ತೂಗುತ್ತಿತ್ತು. ಅದಕ್ಕೆ ಕೀಲಿಲ್ಲ, ನಾಲ್ಕು ಮೂಲೆಗೆ ಪಿನ್ನು. ಇಂಜಿನ್ ನೋಡಬೇಕೆಂದಾಗಲೆಲ್ಲ ಇಡಿಯಾಗಿ ಎತ್ತಬೇಕು. ಭಾರವೇನಿಲ್ಲ, ಆದರೆ ಮಂಚದಷ್ಟು ಅಗಲ. ಎಡಕ್ಕೊಬ್ಬ, ಬಲಕ್ಕೊಬ್ಬ ಬೇಕು. ಹಾರ್ಲನ್ ಒಬ್ಬನೇ ತಬ್ಬಿ ಎತ್ತಿದ. ಅಂಚು ಜಾರಿ, ಕಾರಿಗೆ ವೆಂಡೆಲ್ ಕೈಯಾರೆ ಬಳಿದಿದ್ದ ನೀಲಿ ಬಣ್ಣದ ಮೇಲೆ ಉದ್ದಕ್ಕೂ ಗೀರೆಳೆಯಿತು. ಕರೆದಿದ್ದರೆ ಪಕ್ಕದ ಮನೆಯವರು ಬರುತ್ತಿದ್ದರೇನೋ. ಪ್ರತಿ ಸಲವೂ ಯಾರ ಬಾಗಿಲು ತಟ್ಟುವುದು? ಗೀರನ್ನು ಬಟ್ಟೆಯಿಂದ ಒರೆಸುತ್ತ ನಿಂತವನಿಗೆ ತಾನು ಒಂಟಿಯೆಂಬುದು ಅವತ್ತು ಮನದಟ್ಟಾಯಿತು.

ಭಾನುವಾರ ಎಂದಿನಂತೆ ವೆಂಡೆಲ್ ಫೋನ್ ಮಾಡಿದ.

"ಯಾವುದು ಹಾಕ್ದೆ?"

"ಗಿಡ್ಡಂದು."

"ಥೂ ನಿನ್ನ. ಇಷ್ಟು ವರ್ಷ ಇನ್ನೊಂದಕ್ಕೆ ಜೊಲ್ಲು ಸುರಿಸಿ, ಈಗ ಗಿಡ್ಡಂದಾ? ಮುದುಕ ಆಗ್ಬಿಟ್ಟೆ ಕಣೋ."

"ಹೂಂ, ಆಗ್ಬಿಟ್ಟೆ."

"ಆ ಫೈಬರ್ ಬಾನೆಟ್ಟು?"

"ಇರ್ಲಿ ಬಿಡು ಗೋಡೆ ಮೇಲೆ. ನೀನು ಬಂದಾಗ ನೋಡೋಣ."

"ನಾನೆಲ್ಲಿ ಬರ್ಲೋ ಅಷ್ಟು ದೂರ. ಯಾರಿಗಾದ್ರೂ ಮಾರಿಬಿಡು."

ಹಾರ್ಲನ್ ಆಗಲಿ ಅಂದ, ಮಾರಲಿಲ್ಲ. ಮರುದಿನ ಎತ್ತರದ್ದನ್ನು ಅಂಗಡಿಗೆ ಒಯ್ದು ಕೊಟ್ಟ.

"ನಿನ್ನ ಕಾರಿಗೆ ಇದೇ ಸರಿ ಇತ್ತಲ್ಲೋ," ಅಂದ ಡೆಲ್ಬರ್ಟ್.

"ಹಳೇ ಬಾನೆಟ್ಟು ಒಂದೇ ಕೈಲಿ ಏಳತ್ತೆ," ಅಂದ ಹಾರ್ಲನ್.