ಹೊಳೆಯ ನಡುವೆ ಮಾತ್ರ ಬರುವ ಸದ್ದು

ನನ್ನ ಷಡ್ಡಕನ ಬಲ ಅಂಗೈಯ ಗೆರೆಗಳಲ್ಲಿ ಕರಿ ಎಣ್ಣೆ ಕಾಯಂ ಆಗಿ ಕೂತುಬಿಟ್ಟಿತ್ತು. ಸೀಗೆಪುಡಿ, ಸೀಮೆಎಣ್ಣೆ, ಬಟ್ಟೆ ಸೋಪು, ಯಾವುದಕ್ಕೂ ಅದು ಬಿಡುತ್ತಿರಲಿಲ್ಲ. ನಡುಗುವ ವಸ್ತು ಏನೇ ಕಂಡರೂ ಆತ ಆ ಅಂಗೈಯನ್ನು ಅದರ ಮೇಲೆ ಇಡುತ್ತಿದ್ದ. ದಾವಣಗೆರೆ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟವನೇ ನೇರ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬೆನ್ನಿಗೆ ಕೈ ಒತ್ತಿ ನಿಲ್ಲುತ್ತಿದ್ದ.

“ಅಕ್ಕಾ, ಇದರ ಒಂದು ಕಾಲು ಗಿಡ್ಡ ಆಗೇತೆ. ಕೆಳಗ ರಟ್ಟು ಕೊಡು” ಎಂದು ನನ್ನ ಹೆಂಡತಿಗೆ ಹೇಳಿ, ಆಮೇಲೆ ನೀರು ಕುಡಿಯುತ್ತಿದ್ದ.

ಆತ ನನ್ನ ಹೆಂಡತಿಯ ತಂಗಿಯ ಗಂಡ. ಹುಟ್ಟೂರು ಕೊಕ್ಕನೂರು. ಮದುವೆಯಾದ ಮೇಲೆ ಹರಿಹರದ ಕೆಳಗೆ ಹೊಳೆದಂಡೆಯಲ್ಲಿರುವ ನಮ್ಮ ಮಾವನ ಊರಿನಲ್ಲೇ ನಿಂತ. ಮಾವನ ಗದ್ದೆ ಇದ್ದದ್ದು ತುಂಗಭದ್ರೆಯ ಆಚೆ ದಂಡೆಗೆ. ಸೇತುವೆ ಸುತ್ತಿ ಹೋದರೆ ಅರ್ಧ ದಿನ ಹಾಳು. ಅದಕ್ಕೇ ಆತ ಹಳೆಯದೊಂದು ಮರದ ದೋಣಿ ತಂದು, ಅದಕ್ಕೆ ನೀರೆತ್ತುವ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಕೂರಿಸಿದ್ದ. ತಳದಲ್ಲಿ ಜಾಲಿ ಮರದ ಎರಡು ತೊಲೆ, ಅವುಗಳ ಮೇಲೆ ಎಂಜಿನ್, ಅಲ್ಲಿಂದ ಹಿಂದಕ್ಕೆ ಶಾಫ್ಟು, ಅದರ ತುದಿಗೆ ಪಂಖ. ಊರಿನ ಹೆಣ್ಣಾಳುಗಳು ಆಚೆ ದಂಡೆಯ ಗದ್ದೆಗಳಿಗೆ ಹೋಗಿಬರುವುದು ಆ ದೋಣಿಯಲ್ಲೇ. ನಾಟಿಯ ದಿನಗಳಲ್ಲಿ ನನ್ನ ಹೆಂಡತಿಯೂ ತಂಗಿಯ ಮನೆಯಲ್ಲಿದ್ದುಕೊಂಡು ದಿನವೂ ದಾಟುತ್ತಿದ್ದಳು. ಅಕ್ಕತಂಗಿಯರ ಗದ್ದೆ ಇನ್ನೂ ಒಟ್ಟಿಗೇ ಇತ್ತು.

ನಾನು ಬಸ್ ಡಿಪೊದಲ್ಲಿ ನೌಕರಿ ಮಾಡಿದವನು. ಬೆಳಗಿನ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೂ ಹಾಸಿಗೆ ಬಿಡುವ ಹೊತ್ತು ಬದಲಾಗಲಿಲ್ಲ. ಷಡ್ಡಕನಿಗೆ ಗಡಿಯಾರವೇ ಬೇಡ. ಆದರೆ ಎಂಜಿನ್ನಿನ ವಿಷಯದಲ್ಲಿ ಆತ ನನಗಿಂತ ಕಟ್ಟುನಿಟ್ಟು. ಪ್ರತಿ ಅಮಾವಾಸ್ಯೆಗೆ ಎಂಜಿನ್ ತೊಳೆದು, ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆಯದೆ ದೋಣಿ ಬಿಡುತ್ತಿರಲಿಲ್ಲ. ಆಯುಧಪೂಜೆಗೆ ದೋಣಿಯ ಒಳಗೆಲ್ಲ ಹಸಿರು ಬಣ್ಣ ಬಳಿಯುತ್ತಿದ್ದ. ಹೊಳೆಯನ್ನು ನಂಬಬೇಕಾದವನು ಎಂದು ನಾನೂ ಸುಮ್ಮನಿದ್ದೆ.

ಒಂದು ಮಳೆಗಾಲ, ನಾಟಿ ಶುರುವಾಗುವ ಹೊತ್ತಿಗೆ, ನನ್ನ ಹೆಂಡತಿ ಫೋನ್ ಮಾಡಿದಳು.

“ಇವ್ನು ದೋಣಿ ನಿಲ್ಸ್ಯಾನ್ರಿ. ಎಂಜಿನ್‌ನ್ಯಾಗ ಏನೋ ಸದ್ದು ಅಂತೆ. ನಮಗ್ಯಾರಿಗೂ ಕೇಳ್ಸಿಲ್ಲ. ಊರ ಮಂದಿ ಮನಿ ಮುಂದ ನಿಂತಾರ. ನೀವರ ಬಂದು ಹೇಳ್ರಿ.”

ನಾನು ಹೋದಾಗ ಮನೆಯ ಕಟ್ಟೆಯ ಮೇಲೆ ಊರಿನ ಗೌಡರು ಕೂತಿದ್ದರು. ಆಚೆ ದಂಡೆಯಲ್ಲಿ ಹೆಚ್ಚು ಗದ್ದೆ ಅವರದೇ.

“ಸಸಿ ಬಲಿತು ಹೊಂಟಾವು. ಇನ್ನ ನಾಕು ದಿನ ಹೋದ್ರೆ ದನಕ್ಕ ಹಾಕಬೇಕು” ಎಂದರು. “ಸದ್ದು ಬಂದ್ರೆ ಬರಲಿ ಬಿಡೋ. ಎತ್ತಿನ ಕೊರಳಾಗಿನ ಗಂಟೆನೂ ಸದ್ದು ಮಾಡ್ತತೆ. ಅದಕ್ಕೇನ್ ಬಂಡಿ ನಿಲ್ಲಿಸ್ತಾರಾ?”

ಷಡ್ಡಕ ಅವರ ಮುಖ ನೋಡದೆ ಹೇಳಿದ. “ಗಂಟೆ ಕಟ್ಟಿದ್ದು ನಾವು ಗೌಡ್ರೆ. ಇದನ್ನ ಯಾರು ಕಟ್ಯಾರ ಅಂತ ನಂಗೆ ಗೊತ್ತಿಲ್ಲ.”

ದಾವಣಗೆರೆಯಿಂದ ಆತನೇ ಕರೆಸಿದ್ದ ಮೇಸ್ತ್ರಿ ಹಿಂದಿನ ದಿನ ಬಂದುಹೋಗಿದ್ದನಂತೆ. ದಂಡೆಗೆ ಕಟ್ಟಿಹಾಕಿದ್ದ ದೋಣಿಯಲ್ಲೇ ಎಂಜಿನ್ ಓಡಿಸಿ, “ಫಸ್ಟ್ ಕ್ಲಾಸ್ ಐತ್ರಿ. ಎಂಜಿನ್ ಬ್ಯಾಡ, ನಿಮ್ ಕಿವಿ ತೋರಿಸ್ಕೊಳ್ರಿ” ಎಂದು ನಕ್ಕು ಹೋದನಂತೆ. ಷಡ್ಡಕ ಇದನ್ನು ಹೇಳುವಾಗ ನಗಲಿಲ್ಲ. ಮೂರು ಹೊತ್ತೂ ಸರಿಯಾಗಿ ಉಂಡಿಲ್ಲ ಎಂದು ನಾದಿನಿ ಒಳಗಿನಿಂದ ಕೂಗಿ ಹೇಳಿದಳು.

ನಾನು ನನಗೆ ಗೊತ್ತಿದ್ದ ಕ್ರಮದಲ್ಲಿ ಹೊರಟೆ. ಡೀಸೆಲ್ ಟ್ಯಾಂಕು, ಫಿಲ್ಟರು, ಸೈಲೆನ್ಸರು, ಶಾಫ್ಟು, ಪಂಖ, ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ ಎಂದೆ. ಆತ ವಿಧೇಯನಾಗಿ ಒಂದೊಂದೇ ಬಿಚ್ಚಿ ತೋರಿಸಿದ. ಎಲ್ಲ ಸರಿಯಿತ್ತು. ಖಾಲಿ ದೋಣಿಯನ್ನು ದಂಡೆಯ ಹತ್ತಿರ ಓಡಿಸಿದೆವು. ಎಂಜಿನ್ ಗಡಗಡ ಎಂದು ಒಂದೇ ಹದದಲ್ಲಿ ಹಾಡಿತು.

“ತಮ್ಮಾ, ನಿಜವಾಗಿ ಕೇಳಿಸಿತೇನು?” ಎಂದೆ.

“ನಡು ಹೊಳ್ಯಾಗ ಅಣ್ಣಾರೆ. ದೋಣಿ ತುಂಬಿರಬೇಕು, ನೀರಿಗೆ ಎದುರು ಹೋಗಬೇಕು. ಆಗ ಧಡಕ್ ಅಂತತೆ. ಮತ್ತ ಸುಮ್ಮನಾಗ್ತತೆ. ಹೆಣ್ಮಕ್ಕಳು ಮಾತಾಡ್ತಿರ್ತಾರೆ, ಅವ್ರಿಗೆ ಕೇಳಲ್ಲ.” ಎಂಜಿನ್ ನಿಲ್ಲಿಸುತ್ತ, “ಅಕ್ಕನೂ ಅಲ್ಲೇ ಕೂತಿರ್ತಾಳೆ” ಎಂದ.

ಆ ಮಾತಿನ ನಂತರ ನನಗೂ ಊಟ ಸೇರಲಿಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ, ಎರಡೂ ದಂಡೆಯ ಜಾಲಿ ಗಿಡಗಳ ಸೊಂಟದವರೆಗೆ ಏರಿತ್ತು. ದೋಣಿ ತುಂಬದೆ ಸದ್ದು ಬರುವುದಿಲ್ಲ. ಸದ್ದು ಸಿಗದೆ ಆತ ದೋಣಿ ತುಂಬುವುದಿಲ್ಲ.

ಮರುದಿನ ಬೆಳಿಗ್ಗೆ ದಂಡೆಗೆ ಹೋದರೆ ಆತ ಮರಳು ತುಂಬಿದ ಗೊಬ್ಬರದ ಚೀಲಗಳನ್ನು ದೋಣಿಗೆ ಹೇರುತ್ತಿದ್ದ. ಎಲ್ಲಿಯಾದರೂ ಒಟ್ಟುವುದಲ್ಲ, ಒಂದೊಂದು ಚೀಲಕ್ಕೂ ಜಾಗ ಗೊತ್ತುಮಾಡಿದ್ದ. “ಇಲ್ಲಿ ದುರ್ಗವ್ವ ಕೂಡ್ತಾಳೆ. ಇದು ಹಾಲಮ್ಮಜ್ಜಿ, ಅರ್ಧ ಚೀಲ ಸಾಕು. ಇದು ನಮ್ಮನ್ಯಾಕೆ. ಇದು ಅಕ್ಕ.” ದಂಡೆಯ ಮೇಲೆ ಸಾಲಾಗಿ ನಿಂತ ಹೆಂಗಸರು ನೋಡುತ್ತಿದ್ದರು.

“ಏ ಅಣ್ಣಾ, ನಂಗ್ಯಾಕ ಎರಡು ಚೀಲ ಹಾಕಿ?” ಎಂದಳು ದುರ್ಗವ್ವ.

“ಒಂದು ನೀನು, ಇನ್ನೊಂದು ನಿನ್ ಬುತ್ತಿ” ಎಂದ. ಹೆಂಗಸರೆಲ್ಲ ನಕ್ಕರು. ಆತನ ಮುಖದಲ್ಲಿ ನಗು ಇರಲಿಲ್ಲ.

ಲಾರಿಯ ಎರಡು ಟ್ಯೂಬಿಗೆ ಗಾಳಿ ತುಂಬಿ ತಂದಿದ್ದ. ಒಂದನ್ನು ನನ್ನ ಕಡೆ ಚಾಚಿ, “ನೀವು ಬರ್ತೀರಾ ಅಂತ ಕೇಳಲ್ಲ. ಆದರೆ ನಾನು ಹುಟ್ಟು ಹಿಡಿದಿದ್ರೆ ಎಂಜಿನ್ ನೋಡಕ್ಕೆ ಇನ್ನೊಬ್ರು ಬೇಕು” ಎಂದ. ನನಗೆ ಈಜು ಬಾರದು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ನಾನು ಟ್ಯೂಬನ್ನು ಕಂಕುಳಿಗೇರಿಸಿಕೊಂಡು ಹತ್ತಿದೆ.

ದಂಡೆ ದೂರವಾಯಿತು. ಎಂಜಿನ್ ಸದ್ದು ಸಮವಾಗಿತ್ತು. ನಡು ಹೊಳೆಗೆ ಬಂದ ಮೇಲೆ ಆತ ದೋಣಿಯ ಮೂತಿಯನ್ನು ನೀರಿಗೆ ಎದುರಾಗಿ ತಿರುಗಿಸಿ ಎಂಜಿನ್ ಜೋರು ಮಾಡಿದ. ದೋಣಿ ಮುಂದೆ ಹೋಗದೆ, ಹಿಂದೆ ಬಾರದೆ, ಮೈ ಬಿಗಿಹಿಡಿದು ನಿಂತಂತಾಯಿತು. ಆಗ ಬಂತು. ಧಡಕ್. ಸ್ವಲ್ಪ ಬಿಟ್ಟು ಮತ್ತೆ, ಧಡಕ್.

“ಕೇಳ್ತೇನ್ರಿ?” ಎಂದು ಕೂಗಿದ.

ನಾನು ಹೌದೆಂದು ತಲೆ ಆಡಿಸಿದೆ. ಹುಟ್ಟನ್ನು ನನ್ನ ಕೈಗೆ ಕೊಟ್ಟು, ನೇರ ಹಿಡಿದುಕೊಂಡಿರಿ ಎಂದು ಹೇಳಿ ಆತ ಎಂಜಿನ್ನಿನ ಬಳಿ ಮಂಡಿಯೂರಿದ. ಮೊದಲು ಸಿಲಿಂಡರಿನ ಪಕ್ಕ ಕೈ ಇಟ್ಟ. ಆಮೇಲೆ ಶಾಫ್ಟಿನ ಹತ್ತಿರ. ಕೊನೆಗೆ ಬಲಗಡೆಯ ತೊಲೆಯ ಮೇಲೆ. ಅಲ್ಲೇ ನಿಂತಿತು ಕೈ. ಉಗುರಿನಿಂದ ಹಸಿರು ಬಣ್ಣ ಕೆರೆದ. ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ತೊಲೆ ಉದ್ದಕ್ಕೆ ಸೀಳಿತ್ತು. ಎಂಜಿನ್ ಎಳೆದಾಗ ಅದರ ಕಾಲು ಮೇಲೇಳುತ್ತಿತ್ತು, ಸೀಳು ಬಾಯಿ ತೆರೆಯುತ್ತಿತ್ತು. ಮತ್ತೆ ಕೂತಾಗ ಧಡಕ್.

ಸೀಳು ಶುರುವಾದದ್ದು ತೊಲೆಯ ಮೂಲೆಯಿಂದ. ಆ ಮೂಲೆ ಒರಳಿನಂತೆ ತಗ್ಗಾಗಿತ್ತು. ಎಷ್ಟೋ ವರ್ಷ ಪ್ರತಿ ಅಮಾವಾಸ್ಯೆಗೂ ಆತ ಕಾಯಿ ಒಡೆಯುತ್ತಿದ್ದದ್ದು ಅದೇ ಮೂಲೆಗೆ. ಬಿರುಕಿನಲ್ಲಿ ಕಾಯಿಯ ನೀರು ಇಳಿದು ಮರ ಒಳಗೇ ಕೊಳೆತಿತ್ತು. ಮೇಲೆ ಪ್ರತಿ ವರ್ಷ ಹಸಿರು ಬಣ್ಣ.

“ನಾನೇ ಒಡದದ್ದು ಅಣ್ಣಾರೆ” ಎಂದ. ಎಂಜಿನ್ ಸದ್ದಿನಲ್ಲಿ ಅದು ನನಗೆ ಕೇಳಿಸಿದ್ದಕ್ಕಿಂತ ಕಾಣಿಸಿದ್ದೇ ಹೆಚ್ಚು.

ತೊಲೆ ಮುರಿದರೆ ಎಂಜಿನ್ ಮಗುಚುತ್ತದೆ, ಶಾಫ್ಟು ದೋಣಿಯ ಹಿಂಭಾಗವನ್ನು ಹರಿದು ನೀರು ಒಳನುಗ್ಗುತ್ತದೆ. ಎಂಜಿನ್ ನಿಲ್ಲಿಸಿದರೆ ಹೊಳೆ ನಮ್ಮನ್ನು ಎಲ್ಲಿಗೆ ಒಯ್ಯುತ್ತದೋ ಗೊತ್ತಿಲ್ಲ. ಆತ ವೇಗ ತಗ್ಗಿಸಿ, ದೋಣಿ ಕಟ್ಟುವ ಹಗ್ಗವನ್ನು ಎಂಜಿನ್ನಿನ ಕಾಲಿಗೂ ತೊಲೆಗೂ ಸೇರಿಸಿ ಬಿಗಿದ. ಗಂಟಿನ ಮೇಲೆ ತನ್ನೆರಡೂ ಕಾಲು ಒತ್ತಿ ಕೂತ. “ಎದುರು ಹೋಗಾದು ಬ್ಯಾಡ. ಓರೆ ಬಿಡ್ರಿ. ಎಲ್ಲಿ ಮುಟ್ತತೋ ಅಲ್ಲಿ ಮುಟ್ಟಲಿ” ಎಂದ. ನಾನು ಹುಟ್ಟನ್ನು ಎದೆಗೆ ಒತ್ತಿ ಹಿಡಿದು ದೋಣಿಯನ್ನು ಓರೆ ಮಾಡಿದೆ. ದಂಡೆಯ ಮೇಲೆ ಹೆಂಗಸರು ನಮ್ಮ ಸಮಕ್ಕೆ ಓಡಿಬರುತ್ತಿದ್ದರು. ಅವರಲ್ಲಿ ನನ್ನ ಹೆಂಡತಿ ಯಾರು ಎಂದು ನೋಡುವ ಧೈರ್ಯ ಆಗಲಿಲ್ಲ. ಊರಿನಿಂದ ಬಹಳ ಕೆಳಗೆ, ಮುಳುಗಿದ ಜಾಲಿ ಗಿಡಗಳಿಗೆ ದೋಣಿ ಸಿಕ್ಕಿಕೊಂಡು ನಿಂತಿತು. ಮೈತುಂಬ ಮುಳ್ಳು ಗೀರಿಸಿಕೊಂಡು ಇಳಿದೆವು.

ಹೊಸ ತೊಲೆ ಕೂರಿಸುವ ಹೊತ್ತಿಗೆ ಗೌಡರ ಒಂದು ಮಡಿ ಸಸಿ ಹೋಯಿತು. ಅವರು ಬೈದರು, ಆತ ಬೈಸಿಕೊಂಡ. ಕಾಯಿ ಒಡೆಯುವುದನ್ನು ಬಿಡಲಿಲ್ಲ, ದಂಡೆಯ ಕಲ್ಲಿಗೆ ಒಡೆಯತೊಡಗಿದ. “ದೇವ್ರಿಗೆ ಸಿಟ್ಟಿಲ್ಲ. ಕಾಯಿ ತಗಂತಾನೆ, ತೊಲಿ ಬ್ಯಾಡ ಅಂತಾನೆ” ಎನ್ನುತ್ತಿದ್ದ. ಆದರೆ ಮೊದಲಿನ ನೆಮ್ಮದಿ ಆತನಿಗೆ ಮರಳಲಿಲ್ಲ. ದಿನವೂ ಮೊದಲ ಸಲ ದಾಟುವ ಮುಂಚೆ ಎಲ್ಲರನ್ನೂ ದಂಡೆಯಲ್ಲೇ ನಿಲ್ಲಿಸಿ, ತಾನೊಬ್ಬನೇ ನಡು ಹೊಳೆಗೆ ಹೋಗಿಬರುತ್ತಿದ್ದ. ಹೊತ್ತಾಯಿತೆಂದು ಹೆಂಗಸರು ಗೊಣಗಿದರೆ, “ನಿಮಗೇನು, ಹತ್ತಿ ಕೂಡ್ತೀರಿ. ಇಳಿಸಾವ ನಾನು” ಎನ್ನುತ್ತಿದ್ದ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆತ ತೀರಿಕೊಂಡ. ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಒರಗಿದವನು ಏಳಲಿಲ್ಲ. ದೋಣಿಯನ್ನು ಈಗ ಬೇರೆಯವರು ನಡೆಸುತ್ತಾರೆ, ಚೆನ್ನಾಗಿಯೇ ನಡೆಸುತ್ತಾರೆ.

ಈ ನಾಟಿಗೂ ನನ್ನ ಹೆಂಡತಿ ದಿನವೂ ಹೊಳೆ ದಾಟಿದಳು. ಸಂಜೆ ದೋಣಿ ಬರುವ ಹೊತ್ತಿಗೆ ನಾನು ದಂಡೆಯಲ್ಲಿ ನಿಂತಿರುತ್ತಿದ್ದೆ. ಆಕೆ ಮೊಣಕಾಲುದ್ದ ಕೆಸರು ಮೆತ್ತಿಕೊಂಡು, ಖಾಲಿ ಬುತ್ತಿ ಹಿಡಿದು, ಯಾರದೋ ಮಾತಿಗೆ ನಗುತ್ತ ಇಳಿದು ಬರುತ್ತಿದ್ದಳು. “ಯಾಕ ಹಂಗೆ ನೋಡ್ತೀರಿ?” ಎಂದು ಕೇಳಿದಳು ಒಂದು ದಿನ. ಏನಿಲ್ಲ, ನಡಿ ಎಂದೆ.