ಇಬ್ರಾಹಿಂ ಬಂದರೆ ಸುಮ್ಮನಾಗುವ ಜೀರುಂಡೆ

ನನ್ನ ಕಿವಿಯ ಮೇಲೆ ನನಗಿದ್ದ ಜಂಬ ಸಣ್ಣದಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನ ಪಿಸುಮಾತಿನಿಂದಲೂ ನನ್ನ ಅಡ್ಡಹೆಸರನ್ನು ಹೆಕ್ಕುತ್ತಿದ್ದವನು ನಾನು. ಅಂಥ ಕಿವಿಗೆ ಈಚೆಗೆ ರಾಮಕುಂಜದ ನಮ್ಮ ಮನೆಯ ಗೋಡೆಯಲ್ಲೊಂದು ಜೀರುಂಡೆ ಕೇಳತೊಡಗಿತು.

ಹೆಂಡತಿ ಸುಮತಿಗೆ ಏನೂ ಕೇಳಿಸಲಿಲ್ಲ. "ಪುತ್ತೂರಿಗೆ ಹೋಗಿ ಕಿವಿ ತೋರಿಸಿ ಬನ್ನಿ ಮಾರಾಯ್ರೆ," ಎಂದಳು. ನಾನು ಗುಡಿಸುವ ಹಿಡಿಸೂಡಿ ಹಿಡಿದು ಕಪಾಟಿನ ಹಿಂದೆಲ್ಲ ಇಣುಕಿದೆ. ಸದ್ದೋ, 'ಚಿರ್' ಎನ್ನುವುದಕ್ಕೂ 'ಕುಂಯ್' ಎನ್ನುವುದಕ್ಕೂ ನಡುವಿನದು. ಸೇವೆಯುದ್ದಕ್ಕೂ ಅನುಕರಣಾವ್ಯಯ ಕಲಿಸಿದವನಿಗೆ ಅದನ್ನು ಬರೆಯಲು ಅಕ್ಷರ ಸಿಗದೇ ಹೋದದ್ದು ಜೀರುಂಡೆಗಿಂತ ಹೆಚ್ಚು ಕಾಡಿತು.

ಸಾಕ್ಷಿಗೆಂದು ಪಕ್ಕದ ಮನೆಯ ಇಬ್ರಾಹಿಂ ಅವರನ್ನು ಕರೆದೆ. ಗಲ್ಫಿನಲ್ಲಿ ಅಂಗಡಿ ನಡೆಸಿ ಹಿಂದಿರುಗಿದವರು; ಬೇಲಿಯಾಚೆಯಿಂದ ಕೈಯೆತ್ತುವುದು ಬಿಟ್ಟರೆ ನಮ್ಮೊಳಗೆ ಹೆಚ್ಚು ಬಳಕೆ ಇರಲಿಲ್ಲ. ಬಂದವರು ಫೋನಿನಲ್ಲಿ ಚಾರ್ಜ್ ಇಲ್ಲವೆಂದು ಅದನ್ನು ನಮ್ಮ ಚಾರ್ಜರಿಗೆ ಸಿಕ್ಕಿಸಿದರು. ಆ ಚಾರ್ಜರಿಗೆ ತೂತು ಎರಡು. ಒಂದರಲ್ಲಿ ದೇವರ ಫೋಟೋದ ಪುಟ್ಟ ದೀಪ ಸದಾ ಉರಿಯುತ್ತಿರುತ್ತದೆ. ಅವರು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಜೀರುಂಡೆ ಬಾಯಿ ಮುಚ್ಚಿತ್ತು.

"ಎಲ್ಲಿ ಉಂಟು ಮಾಸ್ಟ್ರೇ?"

"ಈಗ ಇತ್ತು."

ಚಹಾ ತಂದ ಸುಮತಿಯ ನೋಟ ಕಿವಿಯ ಡಾಕ್ಟರನ್ನು ದಾಟಿ ತಲೆಯ ಡಾಕ್ಟರವರೆಗೆ ಹೋಗಿತ್ತು.

ಅವರು ಫೋನ್ ಕಿತ್ತುಕೊಂಡು ಹೊರಟ ಮೇಲೆ ಪುನಃ ಕೂಗು. ಮರುದಿನವೂ ಹಾಗೆಯೇ. "ಅದಕ್ಕೆ ನಿಮ್ಮನ್ನು ಕಂಡರೆ ಹೆದರಿಕೆ," ಎಂದು ನಾನು ಅವರನ್ನು ದಿನಾ ಸಂಜೆ ಕರೆಯತೊಡಗಿದೆ. ಅವರು ಬಂದೊಡನೆ ಫೋನ್ ಸಿಕ್ಕಿಸಿ ಕೂತು, ಗಲ್ಫಿನ ಗಿರಾಕಿಗಳ ಚೌಕಾಶಿಯನ್ನು ಅಭಿನಯಿಸಿ ತೋರಿಸುತ್ತಿದ್ದರು. ಸುಮತಿ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಸುಳ್ಯದಿಂದ ಸುಮತಿಯ ತಂಗಿ ವನಜಾ ಊಟಕ್ಕೆ ಬಂದಳು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಒಳಗೆ ಕಾಲಿಡುತ್ತಲೇ, "ಭಾವ, ಈ ಚಾರ್ಜರ್ ಎಂತ ಕೂಗುದು?" ಎಂದಳು. ಅವಳನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಅವಳು ತನ್ನ ಫೋನ್ ಸಿಕ್ಕಿಸಿದಳು, ಸದ್ದು ನಿಂತಿತು. ತೆಗೆದಳು, ಶುರುವಾಯಿತು. "ಇದರ ಒಳಗೆ ಒಂದು ಸ್ವಿಚ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಬಡಿಯುತ್ತಾ ಉಂಟು. ಅಷ್ಟು ಬೇಗದ್ದು ನಮ್ಮ ಕಿವಿಗೆ ಸಿಕ್ಕುದಿಲ್ಲ. ಆದ್ರೆ ಪ್ರತಿ ಬಡಿತಕ್ಕೂ ಸ್ವಲ್ಪ ಕರೆಂಟ್ ದಂಡ. ಈ ದೀಪಕ್ಕೆ ಬೇಕಾದ್ದೇ ಚೂರು. ಹಾಗೆ ಕರೆಂಟ್ ಉಳಿಸ್ಲಿಕ್ಕೆ ನಾಲ್ಕು ಬಡಿದು ಮಲಗ್ತದೆ, ಒಳಗಿನ ದಾಸ್ತಾನು ಇಳಿದಾಗ ಪುನಃ ಏಳ್ತದೆ. ಆ ಏಳುದು ಮಲಗುದು ನಿಧಾನ ಅಲ್ವಾ, ಅದು ಕಿವಿಗೆ ಕೇಳ್ತದೆ. ಫೋನ್ ಸಿಕ್ಕಿಸಿದ್ರೆ ಮಲಗ್ಲಿಕ್ಕೆ ಪುರುಸೊತ್ತಿಲ್ಲ, ಸದ್ದೂ ಇಲ್ಲ."

"ಹಾಗಾದ್ರೆ ಇವರ ಕಿವಿ?" ಎಂದಳು ಸುಮತಿ.

"ಸರಿ ಉಂಟು ಅಕ್ಕ."

ದೀಪವನ್ನು ಬೇರೆ ಚಾರ್ಜರಿಗೆ ಬದಲಿಸಿದೆವು. ಗೆದ್ದ ಹುರುಪಿನಲ್ಲಿ ಬೇಲಿಯ ಬಳಿ ಹೋಗಿ ಇಬ್ರಾಹಿಮರಿಗೆ ಎಲ್ಲವನ್ನೂ ವಿವರಿಸಿದೆ. "ಹೌದಾ? ಒಳ್ಳೇದಾಯ್ತು," ಎಂದು ಅವರು ಒಳಗೆ ಹೋದರು.

ಮರುದಿನ ಸಂಜೆ ಮನೆಯಲ್ಲಿ ಯಾವ ಸದ್ದೂ ಇರಲಿಲ್ಲ. ಕರೆಯಲು ನೆಪ ಹೊಳೆಯದೆ ನಾನು ಪೇಪರಿನ ಅದೇ ಪುಟವನ್ನು ತಿರುಗಿಸಿ ತಿರುಗಿಸಿ ಓದಿದೆ. ಒಳಗೆ ಸುಮತಿ ಮಾತ್ರ ಚಹಾಕ್ಕೆ ಮೂವರಿಗಾಗುವಷ್ಟು ನೀರಿಟ್ಟಿದ್ದಳು.

ಗೇಟು ಸದ್ದು ಮಾಡಿತು. ಇಬ್ರಾಹಿಂ ಮೆಟ್ಟಿಲ ಮೇಲೆ ಸ್ವಲ್ಪ ಸಂಕೋಚದಿಂದ ನಿಂತಿದ್ದರು.

"ಫೋನ್ ಫುಲ್ ಉಂಟು ಮಾಸ್ಟ್ರೇ," ಎಂದರು. "ನಾನು ಸುಮ್ಮನೆ ಬಂದದ್ದು."